ಮೇಲೆ ಕೆಟ್ಟ ಡ್ರೆಸ್, ಕೆಳಗೆ ಒಳ್ಳೆಯ ಸ್ಕರ್ಟ್

ಮನೆಯಲ್ಲಿ ಹೊಲಿದ ಡ್ರೆಸ್ ಕೈಕೊಡುವುದು ಹೆಚ್ಚಾಗಿ ಸೊಂಟದಿಂದ ಮೇಲೆ. ಭುಜ ಜಾರುತ್ತದೆ. ಕಂಕುಳು ಹಿಡಿಯುತ್ತದೆ. ಕುತ್ತಿಗೆ ಅಗಲವಾಗಿ ಬಾಯಿ ಬಿಡುತ್ತದೆ. ಎದೆಯ ಡಾರ್ಟ್, ಅಂದರೆ ಬಟ್ಟೆಯನ್ನು ಚೂಪಾಗಿ ಒಳಗೆ ಹಿಡಿದು ಹೊಲಿದ ಮಡಿಕೆ, ಬೇಡದ ಜಾಗದಲ್ಲಿ ಮೂತಿ ಚಾಚಿ ಕೂರುತ್ತದೆ. ಕೆಳಭಾಗಕ್ಕೆ ಈ ತಂಟೆಗಳಿಲ್ಲ. ಅಲ್ಲಿ ಇರುವುದು ಎರಡು ನೇರ ಹೊಲಿಗೆ, ಒಂದಷ್ಟು ನೆರಿಗೆ, ಕೊನೆಗೊಂದು ಮಡಿಕೆ. ಹೊಸದಾಗಿ ಮೆಷಿನ್ ತುಳಿಯಲು ಕಲಿತವರ ಕೈಯಲ್ಲೂ ಅದು ಚೆನ್ನಾಗಿಯೇ ಬಂದಿರುತ್ತದೆ.

ಹಾಗಾಗಿ ಕಪಾಟಿನ ಮೂಲೆಯಲ್ಲಿ ಅಂಥದ್ದೊಂದು ಡ್ರೆಸ್ ಮುದುಡಿ ಕೂತಿದ್ದರೆ, ಅದರ ತೋಳು ಕುತ್ತಿಗೆ ಬಿಚ್ಚಿ ಹೊಲಿದು ತಲೆ ಕೆಡಿಸಿಕೊಳ್ಳಬೇಡಿ. ಮೇಲಿನ ಭಾಗ ತೆಗೆದುಬಿಡಿ. ಉಳಿದದ್ದು ಸ್ಕರ್ಟ್. ಅರ್ಧ ದಿನದ ಕೆಲಸ.

ಒಂದು ಮಾತು ಮಾತ್ರ ಕೊನೆಯವರೆಗೂ ನೆನಪಿರಲಿ: ಕೆಳಗಿನ ಅಂಚನ್ನು ಮುಟ್ಟಬಾರದು. ಅದು ಈಗಾಗಲೇ ಮಡಿಸಿ ಹೊಲಿದು ಸಮವಾಗಿದೆ. ಉದ್ದವನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಅಳೆಯಿರಿ. ಹೆಚ್ಚು ಕಡಿಮೆ ಏನಿದ್ದರೂ ಸೊಂಟದ ಹತ್ತಿರದ ಮೂರು ನಾಲ್ಕು ಇಂಚಿನಲ್ಲೇ ಮುಗಿಸಿಕೊಳ್ಳಿ.

ಕತ್ತರಿ ಹಿಡಿಯುವ ಮೊದಲು

ಡ್ರೆಸ್ಸನ್ನು ಒಮ್ಮೆ ಹಾಕಿಕೊಳ್ಳಿ. ಕನ್ನಡಿಯ ಮುಂದೆ ನಿಂತು ಮೇಲಿನ ಭಾಗವನ್ನು ಮರೆತು ಕೆಳಗೆ ಮಾತ್ರ ನೋಡಿ. ಸೀಟಿನ ಹತ್ತಿರ, ಅಂದರೆ ಸೊಂಟದ ಕೆಳಗೆ ಮೈ ಅತಿ ಅಗಲವಾಗಿರುವ ಕಡೆ, ಬಿಗಿಯಾಗಿ ಹಿಡಿಯುತ್ತಿದೆಯಾ? ಹಾಗಿದ್ದರೆ ಸ್ಕರ್ಟ್ ಮಾಡಿದರೂ ಅದೇ ಕತೆ. ಪಕ್ಕದ ಹೊಲಿಗೆಯ ಒಳಗೆ ಬಟ್ಟೆ ಬಿಟ್ಟಿದ್ದರೆ ಬಿಚ್ಚಿ ಅಗಲ ಮಾಡಬಹುದು. ಇಲ್ಲವಾದರೆ ಎರಡೂ ಬದಿಗೆ ಒಂದೊಂದು ಉದ್ದ ಪಟ್ಟಿ ಸೇರಿಸಬೇಕು, ಅದು ಬೇರೆಯದೇ ಕೆಲಸ.

ಹಾಗೇ ಕುರ್ಚಿಯಲ್ಲಿ ಕೂತು ನೋಡಿ. ಆಮೇಲೆ ಒಂದು ಕಾಲನ್ನು ಸ್ಟೂಲಿನ ಮೇಲೆ ಇಡಿ. ನಮ್ಮ ಮಂಗಳೂರು, ಉಡುಪಿ ಕಡೆಯ ಬಸ್ಸಿನ ಫುಟ್‌ಬೋರ್ಡ್ ಎತ್ತರ ಗೊತ್ತಲ್ವಾ? ಕಂಡಕ್ಟರು "ರೈಟ್ ಪೋಯಿ" ಅನ್ನುವಷ್ಟರಲ್ಲಿ ಹತ್ತಿ ಆಗಿರಬೇಕು. ಸ್ಟೂಲಿಗೆ ಕಾಲು ಏರದ ಸ್ಕರ್ಟ್ ಬಸ್ಸಿಗೂ ಏರುವುದಿಲ್ಲ. ಕೆಳಸುತ್ತು ಸಾಲದಿದ್ದರೆ ಒಂದು ಬದಿಯ ಹೊಲಿಗೆಯನ್ನು ಮೊಣಕಾಲಿನ ಸ್ವಲ್ಪ ಕೆಳಗಿನವರೆಗೆ ಬಿಚ್ಚಿ ಸ್ಲಿಟ್ ಕೊಡಿ. ಸ್ಲಿಟ್‌ನ ತುದಿಯಲ್ಲಿ ಹಿಂದೆ ಮುಂದೆ ನಾಲ್ಕೈದು ಸಲ ಗಟ್ಟಿ ಹೊಲಿಗೆ ಹಾಕಿ, ಇಲ್ಲದಿದ್ದರೆ ಒಂದು ವಾರದಲ್ಲಿ ಅದು ತಾನಾಗಿ ಮೇಲೆ ಹತ್ತುತ್ತದೆ.

ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಬೆರಳು ಕಾಣುವಷ್ಟು ತೆಳುವಾದರೆ ಒಳಗೆ ಲಂಗ ಬೇಕು, ಅಥವಾ ಲೈನಿಂಗ್ ಕೊಡಬೇಕು. ಇನ್ನು ಪಾಲಿಯೆಸ್ಟರ್ ಡ್ರೆಸ್ಸನ್ನು ಸೆಕೆ ತಡೆಯಲಾಗದೆ ಮೂಲೆಗೆ ಹಾಕಿದ್ದರೆ, ಅದನ್ನು ಸ್ಕರ್ಟ್ ಮಾಡಿ ಸುಮ್ನೆ ಶ್ರಮ ಪಡಬೇಡಿ. ಏಪ್ರಿಲ್ ತಿಂಗಳ ಕರಾವಳಿಯಲ್ಲಿ ಅದು ಕಾಲಿಗೆ ಅಂಟಿಕೊಳ್ಳುವುದು ತಪ್ಪುವುದಿಲ್ಲ.

ಕಾಟನ್ ಆದರೆ, ಇನ್ನೂ ಒಗೆದಿಲ್ಲದಿದ್ದರೆ, ಒಗೆದು ಒಣಗಿಸಿಯೇ ಅಳೆಯಿರಿ. ಮೊದಲ ನೀರಿಗೆ ಕಾಟನ್ ಕುಗ್ಗುತ್ತದೆ. ಮಳೆಗಾಲದಲ್ಲಿ ಇನ್ನೊಂದು ರಗಳೆ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆ ಒಣಗಿದೆ ಅನಿಸಿದರೂ ಪೂರ್ತಿ ಒಣಗಿರುವುದಿಲ್ಲ. ತೇವ ಇರುವ ಬಟ್ಟೆಯ ಮೇಲೆ ಚಾಕ್ ಹತ್ತುವುದಿಲ್ಲ, ಅಳತೆಯೂ ಎಳೆದಾಡುತ್ತದೆ. ಬಿಸಿ ಇಸ್ತ್ರಿ ಹಾಕಿ, ಐದು ನಿಮಿಷ ಆರಲು ಬಿಟ್ಟು ಆಮೇಲೆ ಗುರುತು ಮಾಡಿ.

ಸಾಮಾನು ಜಾಸ್ತಿ ಏನೂ ಬೇಡ. ಇಂಚು ಟೇಪು, ಚಾಕ್, ಗುಂಡುಪಿನ್ನು, ಹೊಲಿಗೆ ಬಿಚ್ಚುವ ರಿಪ್ಪರ್, ಒಂದು ಇಂಚು ಅಗಲದ ಎಲಾಸ್ಟಿಕ್, ಬೆಲ್ಟ್ ಗಟ್ಟಿಯಾಗಿ ನಿಲ್ಲಲು ಇಸ್ತ್ರಿಯಿಂದ ಅಂಟಿಸುವ ಕ್ಯಾನ್ವಾಸ್ ಸ್ವಲ್ಪ. ಸಾಮಾನ್ಯ ಕಾಟನ್‌ಗೆ ಮೆಷಿನ್ನಿಗೆ 14 ನಂಬರ್ ಸೂಜಿ ಸಾಕು. ತೆಳುವಾದ ವಾಯಿಲ್ ಇದ್ದರೆ 11. ಮಂಗಳೂರಿನ ಹಂಪನಕಟ್ಟೆಯಲ್ಲೋ ಉಡುಪಿಯ ರಥಬೀದಿಯ ಆಸುಪಾಸಿನಲ್ಲೋ ಒಂದು ಸುತ್ತು ಹೊಡೆದರೆ ಎಲ್ಲವೂ ಸಿಗುತ್ತದೆ. ಎಲಾಸ್ಟಿಕ್ ಕೊಳ್ಳುವಾಗ ಅಂಗಡಿಯಲ್ಲೇ ಎಳೆದು ಬಿಟ್ಟು ನೋಡಿ. ಹಳೆಯ ಸ್ಟಾಕ್ ಆದರೆ ಒಳಗಿನ ರಬ್ಬರ್ ಕರಕರ ಅನ್ನುತ್ತದೆ.

ಅಳತೆ ಮೂರೇ: ಸ್ಕರ್ಟ್ ಕೂರಬೇಕಾದ ಜಾಗದ ಸೊಂಟ, ಸೀಟು, ಬೇಕಾದ ಉದ್ದ. ಕೆಳಗಿನ ಲೆಕ್ಕಗಳಿಗೆಲ್ಲ ಸೊಂಟ 30, ಸೀಟು 38 ಇಂಚು ಅಂತ ಇಟ್ಟುಕೊಂಡಿದ್ದೇನೆ. ನಿಮ್ಮ ಅಳತೆ ಹಾಕಿಕೊಳ್ಳಿ. ಉದ್ದದ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಮೀನಖಂಡದ ಅರ್ಧಕ್ಕೆ ಬರುವ ಸ್ಕರ್ಟ್ ನಮ್ಮ ಊರಿಗೆ ಸರಿ. ನೆಲ ಗುಡಿಸುವ ಉದ್ದದ್ದು ಮದುವೆ ಹಾಲ್‌ನಲ್ಲಿ ಚಂದ. ಮಳೆಗಾಲದ ರಸ್ತೆಯಲ್ಲಿ ಮೊಣಕಾಲವರೆಗೂ ಕೆಸರು ಕುಡಿಯುತ್ತದೆ.

ಸೊಂಟದಲ್ಲಿ ಜೋಡಣೆ ಇದ್ದು, ಹಿಂದೆ ಜಿಪ್ ಇದ್ದರೆ

ಇದು ಎಲ್ಲಕ್ಕಿಂತ ಒಳ್ಳೆಯ ಡ್ರೆಸ್. ಸೊಂಟ ಈಗಾಗಲೇ ನಿಮ್ಮ ಅಳತೆಗೆ ಕೂತಿದೆ, ಜಿಪ್ ಕೂಡ ಜಾಗದಲ್ಲಿದೆ. ಎರಡನ್ನೂ ಉಳಿಸಿಕೊಂಡರೆ ಹೊಸದಾಗಿ ಹೊಲಿಯುವುದು ಬಹಳ ಕಡಿಮೆ.

ಸೊಂಟದ ಜೋಡಣೆಯನ್ನು ಬಿಚ್ಚಬೇಡಿ. ಅದರಿಂದ ಎರಡೂವರೆ ಇಂಚು ಮೇಲೆ, ಸುತ್ತಲೂ ಚಾಕ್‌ನಲ್ಲಿ ಗೆರೆ ಎಳೆಯಿರಿ. ಈ ಎರಡೂವರೆ ಇಂಚಿನ ಪಟ್ಟಿಯೇ ಮಡಚಿದಾಗ ಸ್ಕರ್ಟಿನ ಬೆಲ್ಟ್ ಆಗುತ್ತದೆ. ಮೇಲ್ತುದಿಯನ್ನು ಅರ್ಧ ಇಂಚು ಒಳಗೆ ಮಡಚಿ, ಉಳಿದ ಎರಡು ಇಂಚನ್ನು ಮತ್ತೆ ಅರ್ಧಕ್ಕೆ ಒಳಗೆ ಮಡಚಿದರೆ ಒಂದು ಇಂಚಿನ ಬೆಲ್ಟ್.

ಗೆರೆ ಎಳೆದ ತಕ್ಷಣ ಕತ್ತರಿಸಬೇಡಿ. ಮೊದಲು ಎರಡು ಕೆಲಸ ಇವೆ.

ಮೊದಲನೆಯದು ಡಾರ್ಟ್. ಸೊಂಟದಿಂದ ಎದೆಯ ಕಡೆಗೆ ಹೋಗುವ ಡಾರ್ಟ್ ಮೇಲೆ ಹೋದ ಹಾಗೆ ಸಣ್ಣದಾಗುತ್ತದೆ. ಅಂದರೆ ನಿಮ್ಮ ಪಟ್ಟಿಯ ಮೇಲ್ತುದಿ ಕೆಳತುದಿಗಿಂತ ಅಗಲ. ಹಾಗೇ ಒಳಗೆ ಮಡಚಿದರೆ ಸುಕ್ಕು ಬೀಳುತ್ತದೆ. ಡ್ರೆಸ್ಸನ್ನು ಮಗುಚಿ, ಪ್ರತಿ ಡಾರ್ಟನ್ನೂ ಸೊಂಟದ ಹತ್ತಿರ ಎಷ್ಟು ಅಗಲ ಇದೆಯೋ ಅಷ್ಟೇ ಅಗಲಕ್ಕೆ ಗೆರೆಯವರೆಗೆ ನೇರವಾಗಿ ಹೊಲಿಯಿರಿ. ಪಕ್ಕದ ಹೊಲಿಗೆಯೂ ಮೇಲೆ ಹೋಗುತ್ತ ಅಗಲವಾಗಿದ್ದರೆ ಅದನ್ನೂ ಹೀಗೇ ನೇರ ಮಾಡಿ.

ಎರಡನೆಯದು ಜಿಪ್, ಇಲ್ಲಿ ಪೂರ್ತಿ ಗಮನ ಬೇಕು. ಕತ್ತರಿ ಹಾಕುವ ಮೊದಲು ಜಿಪ್‌ನ ಗುಬ್ಬಿಯನ್ನು, ಅಂದರೆ ಎಳೆಯುವ ಭಾಗವನ್ನು, ಸೊಂಟದ ಜೋಡಣೆಗಿಂತ ಕೆಳಗೆ ಇಳಿಸಿ. ಅದು ಮೇಲೆ ಕುತ್ತಿಗೆಯ ಹತ್ತಿರವೇ ಇದ್ದು ನೀವು ಕತ್ತರಿಸಿದರೆ, ಗುಬ್ಬಿ ತೆಗೆದ ಭಾಗದ ಜೊತೆಗೇ ಹೋಗುತ್ತದೆ. ಉಳಿಯುವುದು ಗುಬ್ಬಿಯಿಲ್ಲದ ಎರಡು ಸಾಲು ಹಲ್ಲು. ಗುಬ್ಬಿಯನ್ನು ಇಳಿಸಿದ ಮೇಲೆ ಗೆರೆಗಿಂತ ಸ್ವಲ್ಪ ಕೆಳಗೆ ಎರಡೂ ಕಡೆಯ ಪಟ್ಟಿಗೆ ಒಂದೊಂದು ಗುಂಡುಪಿನ್ನು ಅಡ್ಡ ಚುಚ್ಚಿಡಿ. ಕೈ ತಪ್ಪಿ ಎಳೆದರೂ ಗುಬ್ಬಿ ಅಲ್ಲೇ ನಿಲ್ಲುತ್ತದೆ.

ಈಗ ಬಟ್ಟೆಯನ್ನು ಗೆರೆಯ ಮೇಲೆ ಕತ್ತರಿಸಿ. ಜಿಪ್ ಬಂದಲ್ಲಿ ಹಳೆಯ ಕತ್ತರಿ ಬಳಸಿ, ಬಟ್ಟೆಯ ಕತ್ತರಿಯ ಬಾಯಿ ಹಾಳು ಮಾಡಬೇಡಿ. ಜಿಪ್‌ನ ಮೇಲಿನ ಒಂದೂವರೆ ಇಂಚಿನ ಹೊಲಿಗೆ ಬಿಚ್ಚಿ. ಬೆಲ್ಟ್‌ನ ಮೇಲ್ಮಡಿಕೆ ಬರುವ ಜಾಗದಲ್ಲಿ, ಎರಡೂ ಸಾಲಿನ ಹಲ್ಲಿನ ಮೇಲೆ ಬೇರೆ ಬೇರೆಯಾಗಿ ಕೈಯಿಂದ ಐದಾರು ಸುತ್ತು ದಾರ ಬಿಗಿದು ಕಟ್ಟಿ. ಗುಬ್ಬಿ ಇನ್ನು ಅದನ್ನು ದಾಟುವುದಿಲ್ಲ. ಮೇಲೆ ಉಳಿದ ಟೇಪನ್ನು ಓರೆಯಾಗಿ ಹೊರಕ್ಕೆ ಬಾಗಿಸಿ ಬೆಲ್ಟ್‌ನ ಮಡಿಕೆಯೊಳಗೆ ಅಡಗಿಸಿ. ಪಿನ್ನು ತೆಗೆಯುವುದು ಇಷ್ಟೆಲ್ಲ ಆದ ಮೇಲೆ.

ಇದೆಲ್ಲ ನೈಲಾನ್ ಜಿಪ್‌ಗೆ ಹೇಳಿದ್ದು. ಲೋಹದ ಹಲ್ಲಿನದ್ದಾದರೆ ಕತ್ತರಿ ಹಾಕುವ ಹಾಗಿಲ್ಲ, ಒಂದೊಂದೇ ಹಲ್ಲನ್ನು ಇಕ್ಕಳದಿಂದ ಕೀಳಬೇಕು. ಅದರ ಬದಲು ಬಿಚ್ಚಿ ಎಸೆದು 8 ಇಂಚಿನ ಹೊಸ ನೈಲಾನ್ ಜಿಪ್ ಹಾಕುವುದೇ ಲೇಸು. ಸಮುದ್ರದ ಉಪ್ಪು ಗಾಳಿಗೆ ಲೋಹದ ಜಿಪ್ ಹೇಗೂ ಬೇಗ ಕಚ್ಚಿಕೊಳ್ಳುತ್ತದೆ.

ಬೆಲ್ಟ್ ಮಡಚುವ ಮೊದಲು ಒಂದು ಇಂಚು ಅಗಲದ ಕ್ಯಾನ್ವಾಸನ್ನು ಹೊರಗೆ ಕಾಣುವ ಅರ್ಧದ ಒಳಮೈಗೆ ಇಸ್ತ್ರಿಯಿಂದ ಅಂಟಿಸಿ. ಕ್ಯಾನ್ವಾಸ್ ಇಲ್ಲದ ಬೆಲ್ಟ್ ಎರಡು ಸಲ ಕೂತೆದ್ದರೆ ಹಗ್ಗದ ಹಾಗೆ ಸುರುಳಿ ಸುತ್ತುತ್ತದೆ. ಆಮೇಲೆ ಮಡಚಿ, ಪಿನ್ನು ಹಾಕಿ, ಕೆಳಮಡಿಕೆ ಸೊಂಟದ ಜೋಡಣೆಯನ್ನು ಮುಚ್ಚುವ ಹಾಗೆ ಕೈಯಲ್ಲಿ ಹೆಮ್ಮಿಂಗ್ ಮಾಡಿ. ಮೆಷಿನ್ನಿನಲ್ಲೂ ಆಗುತ್ತದೆ, ಆದರೆ ಹೊರಗಿನಿಂದ ಹೊಲಿಗೆ ಕಾಣುತ್ತದೆ. ಜಿಪ್‌ನ ತಲೆಯ ಮೇಲೆ ಒಂದು ಹುಕ್ಕು. ಆಯಿತು.

ಜಿಪ್ ಇಲ್ಲದ, ನೆರಿಗೆಯ ಡ್ರೆಸ್ ಆದರೆ

ತಲೆಯ ಮೇಲಿಂದ ಹಾಕಿಕೊಳ್ಳುವ ಸಡಿಲ ಡ್ರೆಸ್‌ಗಳಿಗೆ ಎಲಾಸ್ಟಿಕ್ಕೇ ದಾರಿ. ಇಲ್ಲಿ ಸೊಂಟದ ಜೋಡಣೆಯನ್ನು ಬಿಚ್ಚಬೇಕು. ರಿಪ್ಪರ್‌ನಿಂದ ನಾಲ್ಕೈದು ಹೊಲಿಗೆಗೆ ಒಂದರಂತೆ ಕತ್ತರಿಸುತ್ತ ಹೋಗಿ, ಆಮೇಲೆ ಇನ್ನೊಂದು ಬದಿಯ ದಾರ ಹಿಡಿದು ಎಳೆದರೆ ಉದ್ದಕ್ಕೂ ಬಿಚ್ಚಿಕೊಳ್ಳುತ್ತದೆ. ಬ್ಲೇಡ್ ಹಿಡಿಯಬೇಡಿ.

ನೆರಿಗೆ ಬಿಡಿಸಿ ಇಸ್ತ್ರಿ ಹಾಕಿ, ಮೇಲ್ತುದಿಯ ಸುತ್ತಳತೆ ತೆಗೆಯಿರಿ. 55, 60 ಇಂಚಿನೊಳಗಿದ್ದರೆ ಅದನ್ನೇ ಮಡಚಿ ಎಲಾಸ್ಟಿಕ್ ತೂರಿಸಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಬೇಡ. ಅಷ್ಟೂ ಬಟ್ಟೆ ಎಲಾಸ್ಟಿಕ್ ಮೇಲೆ ಗುಡ್ಡೆಯಾಗಿ ಸೊಂಟ ದಪ್ಪ ಕಾಣುತ್ತದೆ. ಆಗ ಬೇರೆ ಪಟ್ಟಿ ಕೊಡಿ.

ಪಟ್ಟಿಯ ಬಟ್ಟೆಗೆ ಅಂಗಡಿಗೆ ಓಡಬೇಕಾಗಿಲ್ಲ. ನೀವು ತೆಗೆದ ಮೇಲಿನ ಭಾಗ ಇದೆಯಲ್ಲ. ಬೆನ್ನಿನ ತುಂಡಿನಲ್ಲಿ, ತೋಳುಗಳಲ್ಲಿ ಮೂರೂವರೆ ಇಂಚು ಅಗಲದ ಪಟ್ಟಿಗಳು ಸಿಗುತ್ತವೆ. ಒಂದೇ ಉದ್ದದ್ದು ಸಿಗದಿದ್ದರೆ ಮೂರ್ನಾಲ್ಕು ತುಂಡು ಜೋಡಿಸಿ. ಜೋಡಣೆಗಳು ಪಕ್ಕದ ಹೊಲಿಗೆಯ ನೇರಕ್ಕೆ ಬಂದರೆ ಕಣ್ಣಿಗೆ ಬೀಳುವುದಿಲ್ಲ. ಪಟ್ಟಿಯ ಸುತ್ತಳತೆ ಸೀಟಿಗಿಂತ ಎರಡು ಇಂಚು ಜಾಸ್ತಿ ಇರಲಿ. 38 ಸೀಟಿಗೆ 40. ಇಲ್ಲದಿದ್ದರೆ ಎಲಾಸ್ಟಿಕ್ ಎಷ್ಟೇ ಹಿಗ್ಗಿದರೂ ಬಟ್ಟೆ ಹಿಗ್ಗುವುದಿಲ್ಲ, ಸ್ಕರ್ಟ್ ಮೇಲೇರುವುದೇ ಇಲ್ಲ.

ನೆರಿಗೆ ಹಿಡಿಯುವುದಕ್ಕೆ ಮೆಷಿನ್ನಿನ ಹೊಲಿಗೆಯನ್ನು ಅತಿ ಉದ್ದಕ್ಕೆ ಇಟ್ಟು, ಕಾಲು ಇಂಚಿನ ಅಂತರದಲ್ಲಿ ಎರಡು ಸಾಲು ಓಡಿಸಿ. ಎರಡೂ ಸಾಲಿನ ಕೆಳಗಿನ ದಾರ, ಅಂದರೆ ಬಾಬಿನ್ ದಾರವನ್ನು ಒಟ್ಟಿಗೆ ಹಿಡಿದು ಎಳೆಯಿರಿ. ಒಂದೇ ಸಾಲಿನಲ್ಲಿ ಎಳೆದರೆ ನೆರಿಗೆ ಮಗುಚಿಕೊಳ್ಳುತ್ತದೆ, ದಾರ ತುಂಡಾದರೆ ಪುನಃ ಮೊದಲಿನಿಂದ. ಸ್ಕರ್ಟಿನ ತುದಿಯನ್ನೂ ಪಟ್ಟಿಯನ್ನೂ ನಾಲ್ಕು ಪಾಲು ಮಾಡಿ ಗುರುತು ಹಾಕಿ, ಗುರುತಿಗೆ ಗುರುತು ಸೇರಿಸಿ ಪಿನ್ನು ಚುಚ್ಚಿ. ಆಮೇಲೆ ಹೊಲಿಯಿರಿ.

ಎಲಾಸ್ಟಿಕ್ ಉದ್ದ ಸೊಂಟಕ್ಕಿಂತ ಎರಡು ಇಂಚು ಕಡಿಮೆ, ಜೋಡಿಸಲು ಒಂದು ಇಂಚು ಸೇರಿಸಿ. 30 ಸೊಂಟಕ್ಕೆ 29 ಇಂಚು ಕತ್ತರಿಸಬೇಕು. ಪಟ್ಟಿಯನ್ನು ಒಳಗೆ ಮಡಚಿ ಹೊಲಿಯುವಾಗ ಹಿಂಬದಿಯಲ್ಲಿ ಎರಡು ಇಂಚು ಬಾಯಿ ಬಿಡಿ. ಎಲಾಸ್ಟಿಕ್ಕಿನ ಒಂದು ತುದಿಗೆ ದೊಡ್ಡ ಸೇಫ್ಟಿ ಪಿನ್ನು ಹಾಕಿ ತೂರಿಸಿ, ಇನ್ನೊಂದು ತುದಿಯನ್ನು ಬಾಯಿಯ ಹತ್ತಿರ ಬಟ್ಟೆಗೆ ಪಿನ್ನು ಹಾಕಿಡಿ. ಲಂಗಕ್ಕೆ ಲಾಡಿ ಹಾಕುವಾಗ ತುದಿ ಒಳಗೆ ನುಂಗಿಹೋಗಿ ಗೋಳಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುದಿಗಳನ್ನು ಜೋಡಿಸಿ, ಬಾಯಿ ಮುಚ್ಚಿ, ನೆರಿಗೆ ಸಮ ಮಾಡಿ, ಎರಡೂ ಪಕ್ಕದ ಹೊಲಿಗೆಯ ಮೇಲೆ ಎಲಾಸ್ಟಿಕ್ ಸೇರಿಸಿ ಮೇಲಿಂದ ಕೆಳಕ್ಕೆ ಒಂದು ಹೊಲಿಗೆ ಹಾಕಿ. ಒಳಗೆ ಎಲಾಸ್ಟಿಕ್ ಮಗುಚುವ ತೊಂದರೆ ಅಲ್ಲಿಗೆ ಮುಗಿಯಿತು.

ನನಗೆ ಇಷ್ಟವಾದದ್ದು ಇದರ ಇನ್ನೊಂದು ರೂಪ: ಮುಂದೆ ಸಪಾಟು, ಹಿಂದೆ ಮಾತ್ರ ಎಲಾಸ್ಟಿಕ್. ಟಾಪ್ ಅನ್ನು ಒಳಗೆ ಸೇರಿಸಿ ಹಾಕುವವರಿಗೆ ಇದೇ ಚಂದ. 40 ಇಂಚಿನ ಪಟ್ಟಿಯನ್ನು ಮುಂದಕ್ಕೆ 16, ಹಿಂದಕ್ಕೆ 24 ಎಂದು ಭಾಗ ಮಾಡಿ, ಎಲ್ಲ ತುಂಡಿಗೂ ಹೊಲಿಗೆಗೆ ಅರ್ಧರ್ಧ ಇಂಚು ಸೇರಿಸಿ. ಮುಂದಿನ ತುಂಡಿಗೆ ಕ್ಯಾನ್ವಾಸ್. ಹಿಂದಿನದ್ದಕ್ಕೆ 13 ಇಂಚು ಎಲಾಸ್ಟಿಕ್, ಅದರ ಎರಡೂ ತುದಿ ಪಕ್ಕದ ಹೊಲಿಗೆಯಲ್ಲಿ ಸಿಕ್ಕಿಸಿ. ಮುಂದಿನಿಂದ ನೋಡಿದರೆ ಟೈಲರ್ ಹೊಲಿದದ್ದು ಅಂತಲೇ ಹೇಳಬೇಕು.

ಜೋಡಣೆಯೇ ಇಲ್ಲದ ಉದ್ದ ಡ್ರೆಸ್

ಮೇಲಿನಿಂದ ಕೆಳಗಿನವರೆಗೆ ಒಂದೇ ತುಂಡಿನ ಏ-ಲೈನ್ ಡ್ರೆಸ್, ಉದ್ದ ಕುರ್ತಾ, ಮ್ಯಾಕ್ಸಿ, ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ಎಲ್ಲಿ ಕತ್ತರಿಸಬೇಕು ಎನ್ನುವುದೇ ಇಲ್ಲಿನ ಪ್ರಶ್ನೆ. ಅದನ್ನು ಮೇಜಿನ ಮೇಲೆ ಹಾಸಿ ಹುಡುಕಬೇಡಿ, ಮೈಮೇಲೆ ಹುಡುಕಿ.

ಡ್ರೆಸ್ ಹಾಕಿಕೊಂಡು, ಅದರ ಮೇಲಿಂದ ಸೊಂಟಕ್ಕೆ ಎಲಾಸ್ಟಿಕ್ಕನ್ನು ಬಿಗಿಯಾಗಿ ಕಟ್ಟಿ. ಈಗ ಬಟ್ಟೆಯನ್ನು ಎಲಾಸ್ಟಿಕ್ಕಿನ ಅಡಿಯಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯುತ್ತ ಬನ್ನಿ, ಬೇಕಾದ ಉದ್ದ ಬರುವವರೆಗೆ. ಮನೆಯಲ್ಲಿ ಅಮ್ಮನೋ ಅಕ್ಕನೋ ಇದ್ದರೆ ನೆಲದ ಮೇಲೆ ಅಡಿಪಟ್ಟಿ ನಿಲ್ಲಿಸಿ ಕೆಳಗಿನ ಅಂಚು ಸುತ್ತಲೂ ಒಂದೇ ಎತ್ತರದಲ್ಲಿದೆಯಾ ನೋಡಲಿ. ನೀವೇ ಬಗ್ಗಿ ನೋಡಿದರೆ ಹಿಂದಿನ ಅಂಚು ಮೇಲೇರಿ ಸುಳ್ಳು ಹೇಳುತ್ತದೆ. ಹೊಟ್ಟೆ ಸ್ವಲ್ಪ ಮುಂದಿದ್ದರೆ ಮುಂಭಾಗ ಜಾಸ್ತಿ ಬಟ್ಟೆ ಬೇಡುತ್ತದೆ, ಸೀಟು ತುಂಬಿದ್ದರೆ ಹಿಂಭಾಗ. ಮೇಲಿನ ಗೆರೆ ಡೊಂಕಾದರೆ ಆಗಲಿ, ಕೆಳಗಿನ ಅಂಚು ನೇರ ಇರಬೇಕು.

ಎಲಾಸ್ಟಿಕ್ಕಿನ ಮೇಲಂಚಿನಲ್ಲಿ ಸುತ್ತಲೂ ಚಾಕ್ ಗುರುತು ಹಾಕಿ. ಡ್ರೆಸ್ ತೆಗೆದು, ಆ ಗೆರೆಯಿಂದ ಒಂದೂಮುಕ್ಕಾಲು ಇಂಚು ಮೇಲೆ ಇನ್ನೊಂದು ಗೆರೆ. ಮಡಿಕೆಗೆ ಅರ್ಧ ಇಂಚು, ಎಲಾಸ್ಟಿಕ್ ಕೂರಲು ಒಂದೂಕಾಲು. ಕತ್ತರಿ ಹಾಕುವುದು ಎರಡನೆಯ ಗೆರೆಯ ಮೇಲೆ.

ಅದಕ್ಕೂ ಮೊದಲು ಮೊದಲನೆಯ ಗೆರೆಯ ಸುತ್ತಳತೆ ಸೀಟಿಗಿಂತ ಎರಡು ಇಂಚು ಜಾಸ್ತಿ ಇದೆಯಾ ನೋಡಿ. ಏ-ಲೈನ್ ಡ್ರೆಸ್ ಸೊಂಟದಲ್ಲಿ ಒಳಗೆ ಬಾಗಿದ್ದರೆ ಇರುವುದಿಲ್ಲ. ಆಗ ಕೆಳಕ್ಕೆ ಬನ್ನಿ. 40 ಇಂಚು ಎಲ್ಲಿ ಸಿಗುತ್ತದೋ ಅಲ್ಲಿಂದ ಅರ್ಧ ಇಂಚು ಮೇಲೆ ಕತ್ತರಿಸಿ, ಮೇಲೆ ಹೇಳಿದ ಹಾಗೆ ಬೇರೆ ಪಟ್ಟಿ ಸೇರಿಸಿ. ಕಳೆದುಹೋದ ಉದ್ದ ಪಟ್ಟಿಯಲ್ಲಿ ವಾಪಸ್ ಬರುತ್ತದೆ. ಬೇಕಿದ್ದರೆ ಪಟ್ಟಿಯನ್ನೇ ಅಗಲ ಮಾಡಿ ಎರಡು ಸಾಲು ಎಲಾಸ್ಟಿಕ್ ಹಾಕಿ.

ಅಮ್ಮನ ಸೀರೆಯಿಂದ ಹೊಲಿದ ಡ್ರೆಸ್

ಇದಕ್ಕೆ ಬೇರೆ ಕೈ ಬೇಕು. ನಮ್ಮ ಕಡೆ ಮನೆಮನೆಯಲ್ಲೂ ಹಳೆಯ ಕೈಮಗ್ಗದ ಸೀರೆ ಇರುತ್ತದೆ. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಂಥ ಕಡೆ ನೇಯುವ ಉಡುಪಿ ಸೀರೆಗೆ 2016ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದ್ದೇ ಎನ್ನುವ ಅಧಿಕೃತ ಗುರುತು, ಸಿಕ್ಕಿದೆ. ಅಂಥ ಸೀರೆಯಿಂದ ಹೊಲಿದ ಡ್ರೆಸ್ಸಿನ ಕೆಳಗೆ ಸಾಮಾನ್ಯವಾಗಿ ಸೀರೆಯ ಅಂಚೇ ಬಂದಿರುತ್ತದೆ. ಮೇಲಿನಿಂದ ಕತ್ತರಿಸುವುದರಿಂದ ಅಂಚು ಪೂರ್ತಿ ಉಳಿಯುತ್ತದೆ, ಸ್ಕರ್ಟಿಗೆ ಅದೇ ಅಲಂಕಾರ.

ತೊಂದರೆ ಬಟ್ಟೆಯ ಬಲದ್ದು. ವರ್ಷಗಟ್ಟಲೆ ಒಂದೇ ಕಡೆ ಮಡಚಿಟ್ಟ ಗೆರೆಯಲ್ಲಿ ನೂಲು ಸವೆದಿರುತ್ತದೆ. ಎರಡು ಹೆಬ್ಬೆರಳಿನ ನಡುವೆ ಹಿಡಿದು ಮೆಲ್ಲಗೆ ಎಳೆದು ನೋಡಿ. ನೂಲು ಸರಿದು ಜಾಗ ಬಿಟ್ಟರೆ ಆ ಭಾಗವನ್ನು ಸೊಂಟಕ್ಕೆ ಬಳಸಬೇಡಿ. ಸ್ಕರ್ಟಿನಲ್ಲಿ ದಿನವಿಡೀ ಎಳೆತ ಬೀಳುವುದು ಅಲ್ಲೇ. ಪಟ್ಟಿಗೆ ಬಣ್ಣ ಹೊಂದುವ ಟೂ ಬೈ ಟೂ ಬ್ಲೌಸ್ ಬಟ್ಟೆಯೋ ಪಾಪ್ಲಿನ್ನೋ ತೆಗೆದುಕೊಳ್ಳಿ. ಅದನ್ನೂ ಮೊದಲೇ ನೀರಿಗೆ ಹಾಕಿ ಕುಗ್ಗಿಸಿ. ಕೈಮಗ್ಗದ ಬಟ್ಟೆ ಕತ್ತರಿಸಿದ ಕೂಡಲೇ ನೂಲು ಬಿಡಲು ಶುರು ಮಾಡುತ್ತದೆ. ಕತ್ತರಿಸಿದ ದಿನವೇ ಅಂಚಿಗೆ ಇಂಟರ್‌ಲಾಕ್ ಮಾಡಿಸಿ, ಅಥವಾ ಜಿಗ್‌ಜಾಗ್ ಹೊಲಿಗೆ ಹಾಕಿ.

ಜೇಬು

ಜೇಬಿಲ್ಲದ ಸ್ಕರ್ಟ್ ಹೊಲಿಯುವುದು ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಮೇಲಿನ ಭಾಗದ ಎದೆ ಮತ್ತು ಬೆನ್ನಿನ ತುಂಡುಗಳಲ್ಲಿ ಪಟ್ಟಿಗೆ ಹೋಗಿ ಉಳಿದ ಬಟ್ಟೆ ಜೇಬಿನ ನಾಲ್ಕು ತುಂಡಿಗೆ ಸಾಕು. ಕೈ ಇಟ್ಟು ಸುತ್ತಲೂ ಒಂದು ಇಂಚು ಬಿಟ್ಟು ಗೆರೆ ಎಳೆದು, ಮೇಲ್ತುದಿಯನ್ನು ಸೊಂಟದವರೆಗೆ ಮುಟ್ಟುವಷ್ಟು ಉದ್ದ ಮಾಡಿದರೆ ಅದೇ ಮಾದರಿ. ಪಕ್ಕದ ಹೊಲಿಗೆಯನ್ನು ಸೊಂಟದಿಂದ ಮೂರು ಇಂಚು ಕೆಳಗೆ ಆರು ಇಂಚು ಮಾತ್ರ ಬಿಚ್ಚಿ, ಜೇಬಿನ ಒಂದು ತುಂಡು ಮುಂಭಾಗಕ್ಕೆ, ಇನ್ನೊಂದು ಹಿಂಭಾಗಕ್ಕೆ ಹೊಲಿಯಿರಿ. ಆಮೇಲೆ ಎರಡನ್ನೂ ಸೇರಿಸಿ ಸುತ್ತ ಹೊಲಿಯಿರಿ.

ಇದನ್ನು ಪಟ್ಟಿ ಸೇರಿಸುವ ಮೊದಲೇ ಮಾಡಬೇಕು. ಯಾಕೆಂದರೆ ಜೇಬಿನ ತುಂಡು ಮೇಲೆ ಸೊಂಟದವರೆಗೂ ಬಂದು ಪಟ್ಟಿಯ ಹೊಲಿಗೆಯಲ್ಲಿ ಸಿಕ್ಕಿಕೊಳ್ಳಬೇಕು. ಬರೀ ಪಕ್ಕದ ಹೊಲಿಗೆಗೆ ನೇತುಹಾಕಿದ ಜೇಬಿಗೆ ಮೊಬೈಲ್ ಹಾಕಿದರೆ ಸ್ಕರ್ಟ್ ಆ ಕಡೆಗೇ ವಾಲುತ್ತದೆ. ಜಿಪ್ ಇರುವ ಡ್ರೆಸ್ಸಿನಲ್ಲಿ ಜೋಡಣೆ ಬಿಚ್ಚುವುದಿಲ್ಲವಲ್ಲ, ಅಲ್ಲಿ ಜೇಬಿನ ಮೇಲ್ತುದಿಯನ್ನು ಬೆಲ್ಟ್ ಹೆಮ್ಮಿಂಗ್ ಮಾಡುವಾಗ ಒಳಗೆ ಸೇರಿಸಿ ಹಿಡಿದರೆ ಆಯಿತು.

ಮೆಷಿನ್ ಇಲ್ಲದವರಿಗೆ

ಹತ್ತಿರದ ಟೈಲರ್‌ಗೆ ಕೊಡಿ, ಆದರೆ ಬಾಯಿಮಾತಿನಲ್ಲಿ "ಇದನ್ನೊಂದು ಸ್ಕರ್ಟ್ ಮಾಡಿ" ಅಂತ ಕೊಟ್ಟು ಬರಬೇಡಿ. ಮನೆಯಲ್ಲೇ ಎಲಾಸ್ಟಿಕ್ ಕಟ್ಟಿ ಗುರುತು ಮಾಡಿ, ಚಾಕ್ ಅಳಿಸಿ ಹೋಗದ ಹಾಗೆ ಗೆರೆಯ ಮೇಲೆ ಬೇರೆ ಬಣ್ಣದ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ ಒಯ್ಯಿರಿ. "ಕೆಳಗಿನ ಅಂಚು ಮುಟ್ಟುವುದು ಬೇಡ ಮಾರಾಯ್ರೆ, ಮೇಲಿನಿಂದ ಮಾತ್ರ" ಅಂತ ಎರಡು ಸಲ ಹೇಳಿ. ಅಭ್ಯಾಸಬಲದಿಂದ ಉದ್ದ ಕಡಿಮೆ ಮಾಡಲು ಅವರ ಕೈ ಹೋಗುವುದು ಕೆಳಗಿನ ಅಂಚಿಗೇ. ತೆಗೆದ ಮೇಲಿನ ಭಾಗವನ್ನು ವಾಪಸ್ ಕೇಳಿ ಪಡೆಯಿರಿ. ಮದುವೆ ಸೀಸನ್ನಿನಲ್ಲಿ, ಹಬ್ಬದ ಮುಂಚೆ ಇಂಥ ಕೆಲಸ ಯಾರೂ ಕೈಗೆತ್ತಿಕೊಳ್ಳುವುದಿಲ್ಲ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಶುಭಕಾರ್ಯ ಕಡಿಮೆ, ಟೈಲರ್‌ಗಳಿಗೂ ಸ್ವಲ್ಪ ಬಿಡುವು. ಆಗ ಕೊಟ್ಟರೆ ಕೃಷ್ಣಾಷ್ಟಮಿಯೊಳಗೆ ಕೈಗೆ ಬರುತ್ತದೆ.